ಗುಂಡನ ಹೆಸರು, ನೇಕಾರನ ಕೊಂಡಿ

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಮೂಡಣ ಬಾಗಿಲಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಳಗೆ ನಂದಿ, ಅದರಾಚೆ ಗುಡಿ; ಕಾಲು ಅತ್ತಲೇ ಎಳೆಯುತ್ತದೆ. ಆದರೆ ಮಲಪ್ರಭೆಯ ಕಡೆಗಿರುವ ಆ ಬಾಗಿಲಿನ ಕಲ್ಲಿನಲ್ಲಿ ಹಳಗನ್ನಡದ ಕೆಲವು ಸಾಲುಗಳಿವೆ. ಅದರಲ್ಲಿ ಅರಸನಿದ್ದಾನೆ, ಅರಸಿಯಿದ್ದಾಳೆ. ಅವರಿಬ್ಬರ ಜೊತೆಗೆ ಗುಂಡ ಎಂಬ ಕಸುಬುದಾರನೂ ಇದ್ದಾನೆ.

ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 8ನೇ ಶತಮಾನದ ನಡುವಿನಲ್ಲಿ ಈ ಗುಡಿ ಕಟ್ಟಿಸಿದಳು. ಆಗ ಇದು ಲೋಕೇಶ್ವರ. ಕಟ್ಟುವ ಹೊಣೆ ಹೊತ್ತವನು ಗುಂಡ ಅನಿವಾರಿತಾಚಾರಿ. ಶಾಸನ ಅವನನ್ನು ಸೂತ್ರಧಾರಿ ಎನ್ನುತ್ತದೆ. ಅವನಿಗೆ 'ಮೂಮೆ ಪೆರ್ಜೆರೆಪು' ಎಂಬ ಮನ್ನಣೆಯೂ 'ತ್ರಿಭುವನಾಚಾರಿ' ಎಂಬ ಬಿರುದೂ ಸಂದವೆಂದು ಹೇಳುತ್ತದೆ. ಅದೇ ಬಾಗಿಲಲ್ಲಿ ಇನ್ನೊಬ್ಬನ ಹೊಗಳಿಕೆಯೂ ಉಂಟು: ಸರ್ವಸಿದ್ಧಿ ಆಚಾರಿ, ತೆಂಕಣ ದಿಕ್ಕಿನ ಸೂತ್ರಧಾರಿ. ಊರುಗಳನ್ನೂ ಮನೆಗಳನ್ನೂ ಯೋಜಿಸಿದವನು, ಮಾತಿನಲ್ಲಿ ಹದ ಬಲ್ಲವನು. ಅರಸರು ತಲೆಗೆ ಕಿರೀಟ ಇಟ್ಟುಕೊಂಡರೆ ಇವನಿಗೆ ತಾನು ಮಾಡಿದ ಅರಮನೆ, ರಥ, ಪೀಠ, ಮಂಚಗಳೇ ಕಿರೀಟ ಎಂಬರ್ಥದ ಮಾತು ಆ ಕಲ್ಲಿನಲ್ಲಿದೆ.

ಬಾಗಲಕೋಟೆಯ ಸುತ್ತಲಿನ ಈ ಸೀಮೆಯೇ ಹಾಗೆ. ಬೇವೂರಿನಂಥ ಊರಿನಿಂದ ಬೆಳಗಿನ ಬಸ್ಸು ಹತ್ತಿ ಹೊರಟವರು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಇಳಕಲ್‌ಗಳನ್ನು ಒಂದೆರಡು ದಿನದಲ್ಲಿ ಸುತ್ತಿಬರಬಹುದು. ಅಷ್ಟರಲ್ಲಿ ಸುಮಾರು 1,400 ವರ್ಷಗಳ ಒಂದು ಲೆಕ್ಕ ಕಣ್ಣೆದುರು ತೆರೆದುಕೊಳ್ಳುತ್ತದೆ. ಒಬ್ಬರು ಇನ್ನೊಬ್ಬರ ಕೈಗೆ ಕೆಲಸ ಕೊಟ್ಟಾಗ ಅದರ ಜೊತೆಗೆ ಇನ್ನೇನನ್ನು ಕೊಟ್ಟರು, ಏನನ್ನು ತಮ್ಮಲ್ಲೇ ಉಳಿಸಿಕೊಂಡರು ಎಂಬ ಲೆಕ್ಕ.

ಈ ಲೆಕ್ಕದ ಮೊದಲ ಪುಟ ಬಾದಾಮಿಯಲ್ಲಿದೆ. ಮೂರನೆಯ ಗುಹೆ ಅಲ್ಲಿಯ ಗುಹೆಗಳಲ್ಲೆಲ್ಲ ದೊಡ್ಡದು. ಅದನ್ನು ಕೊರೆಸಿದವನು ಮಂಗಲೇಶ, ಶಕ 500ರಲ್ಲಿ, ಅಂದರೆ ಕ್ರಿ.ಶ. 578ರಲ್ಲಿ. ಆಗ ಪಟ್ಟದ ಮೇಲಿದ್ದವನು ಅವನ ಅಣ್ಣ ಒಂದನೆಯ ಕೀರ್ತಿವರ್ಮ. ಕೆಲಸ ಮುಗಿದ ಮೇಲೆ ತಮ್ಮ ಬರೆಯಿಸಿದ ಸಂಸ್ಕೃತ ಶಾಸನದಲ್ಲಿ ಒಂದು ಅಪರೂಪದ ಹಂಚಿಕೆಯಿದೆ. ಸೂರ್ಯ, ಅಗ್ನಿ ಮೊದಲಾದವರನ್ನು ಸಾಕ್ಷಿಯಾಗಿಸಿ ಅವನು ಈ ಕಾರ್ಯದ ಪುಣ್ಯವನ್ನೆಲ್ಲ ಅಣ್ಣನಿಗೆ ಧಾರೆಯೆರೆಯುತ್ತಾನೆ. ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎನ್ನುತ್ತಾನೆ. ಇದು ಬರಿಯ ವಿನಯವೆಂದು ತೋರಬಹುದು. ಆದರೆ ಶಾಸನದಲ್ಲಿ ಮಂಗಲೇಶನ ಹೆಸರು ಸ್ಪಷ್ಟವಾಗಿದೆ, ಮಾಡಿದವನು ತಾನೇ ಎಂಬುದನ್ನು ಅವನು ಮುಚ್ಚಿಟ್ಟಿಲ್ಲ. ಪುಣ್ಯದ ಒಡೆತನ ಒಬ್ಬನದು, ದುಡಿಮೆಯ ಹೊಣೆ ಇನ್ನೊಬ್ಬನದು; ಎರಡನ್ನೂ ಬೇರೆಬೇರೆಯಾಗಿ ಬರೆದಿಟ್ಟಿದ್ದಾನೆ.

ಅಲ್ಲೇ ಒಂದು ಪುಟ್ಟ ಕನ್ನಡ ಬರಹವೂ ಇದೆ. ಕನ್ನಡದ ಬಹು ಹಳೆಯ ಶಾಸನಗಳಲ್ಲಿ ಅದೂ ಒಂದು. ಗುಹೆಯನ್ನು ಅದು ಮಂಗಲೇಶನ ಕಲ್ಮನೆ ಎಂದು ಕರೆದು, ಲಂಜಿಗೇಸರ ಎಂಬ ಊರಿನ ದತ್ತಿಯನ್ನು ಹೇಳುವಾಗ ಮಾಲೆಗಾರರನ್ನೂ ನೆನೆಯುತ್ತದೆ. ಗುಹೆ ಕೊರೆದು ಮುಗಿದರೂ ದೇವರಿಗೆ ದಿನವೂ ಹೂಮಾಲೆ ಬೇಕು. ಆ ಕೆಲಸ ಯಾರದ್ದು, ಅವರ ಪಾಲೆಷ್ಟು ಎನ್ನುವುದು ಬಾಯಿಮಾತಿನಲ್ಲಿ ಉಳಿಯದೆ ಕಲ್ಲಿಗೆ ಬಂದಿತು. ಕೊರೆದವರೂ ಹೆಸರಿಲ್ಲದೆ ಹೋಗಲಿಲ್ಲ. ಕೋಳಿಮಂಚಿ, ಸಿಂಗಮಂಚಿ ಎಂಬಂಥ ಹೆಸರುಗಳು ಬಾದಾಮಿಯ ಕೆಂಪು ಕಲ್ಲಿನಲ್ಲಿ ಇಂದಿಗೂ ಉಳಿದಿವೆ.

ಮತ್ತೆ ಪಟ್ಟದಕಲ್ಲಿಗೆ ಬರೋಣ. ಸೂತ್ರ ಎಂದರೆ ಅಳತೆಯ ದಾರ. ಅದನ್ನು ಹಿಡಿದವನು ಸೂತ್ರಧಾರಿ. ಒಂದು ಗುಡಿ ಏಳಬೇಕಾದರೆ ಬಂಡೆ ಸೀಳುವವರು ಬೇಕು, ಅದನ್ನು ಹೊಳೆದಂಡೆಗೆ ಎಳೆತರುವವರು ಬೇಕು, ಗೋಡೆ ಏರಿಸುವವರು ಬೇಕು, ಆಮೇಲೆ ಒಂದೊಂದು ದೇವಕೋಷ್ಠದ ಎದುರು ಉಳಿ ಹಿಡಿದು ಕೂರುವವರು ಬೇಕು. ರಾಣಿ ಇದನ್ನೆಲ್ಲ ನಿಂತು ನೋಡಲಾರಳು. ಸೂತ್ರಧಾರಿಯೂ ಪ್ರತಿಯೊಂದು ಬೆರಳು, ಪ್ರತಿಯೊಂದು ಜಡೆಯನ್ನು ತಾನೇ ಕೆತ್ತಲಾರ. ಅವನು ದಾರ ಹಿಡಿದು ಅಳತೆ ಕೊಡುತ್ತಾನೆ. ಅಳತೆಯೊಳಗಿನ ಬದುಕನ್ನು ಉಳಿ ಹಿಡಿದವನು ತುಂಬುತ್ತಾನೆ. ಪಟ್ಟದಕಲ್ಲಿನ ಶಿಲ್ಪಗಳ ಬಳಿ ಬಲದೇವ, ಪುಲ್ಲಪ್ಪ ಮೊದಲಾದವರ ಹೆಸರುಗಳು ಸಿಗುವುದಕ್ಕೆ ಇದೇ ಕಾರಣವಿರಬೇಕು. ಇಡೀ ಗುಡಿಗೆ ಉತ್ತರ ಕೊಡಬೇಕಾದವನು ಗುಂಡ, ಆ ಒಂದು ಶಿಲ್ಪಕ್ಕೆ ಉತ್ತರ ಕೊಡಬೇಕಾದವನು ಬಲದೇವ. ಸ್ವಲ್ಪ ದೂರದ ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜ ಎಂಬವನು ತೆಂಕಣ ಭಾಗ ಮಾಡಿದನೆಂಬ ಬರಹವಿದೆ. ಅವನು ಸರ್ವಸಿದ್ಧಿ ಆಚಾರಿಯ ಪರಂಪರೆಯವನಂತೆ. ಗುಡಿಯ ಒಂದು ಮಗ್ಗುಲನ್ನು ಮಾತ್ರ ವಹಿಸಿಕೊಂಡವನೂ ತನ್ನ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿಕೊಂಡದ್ದು ಗಮನಿಸಬೇಕಾದ ಸಂಗತಿ.

ಫ್ರಾನ್ಸಿನ ಗಣಿ ಕಂಪನಿಯೊಂದರ ಮುಖ್ಯಸ್ಥನಾಗಿದ್ದ ಆನ್ರಿ ಫಯೋಲ್ 1916ರಲ್ಲಿ ಆಡಳಿತದ 14 ಸೂತ್ರಗಳನ್ನು ಬರೆದ. ಹೊಣೆ ಇರುವಲ್ಲಿ ಅದಕ್ಕೆ ತಕ್ಕ ಅಧಿಕಾರವೂ ಇರಬೇಕೆಂಬುದು ಅವುಗಳಲ್ಲಿ ಒಂದು. ಇಂದು ಮ್ಯಾನೇಜ್‌ಮೆಂಟ್ ಓದುವ ಹುಡುಗರು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಕಾಲೇಜಿನಲ್ಲಿ ಅದನ್ನು ಓದುವವರನ್ನು ಒಂದು ದಿನ ಪಟ್ಟದಕಲ್ಲಿನ ಮೂಡಣ ಬಾಗಿಲಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ಮೂರನೆಯದೂ ಒಂದು ಕಾಣುತ್ತದೆ: ಹೆಸರು. ಗುಂಡನಿಗೆ ಹೊಣೆ ಕೊಟ್ಟರು, ಅಳತೆಯ ಅಧಿಕಾರ ಕೊಟ್ಟರು, ಕೆಲಸ ಮುಗಿದ ಮೇಲೆ ಅರಸನ ಹೆಸರಿರುವ ಕಲ್ಲಿನಲ್ಲೇ ಅವನ ಹೆಸರಿಗೂ ಜಾಗ ಕೊಟ್ಟರು.

ಲೋಕಮಹಾದೇವಿ ಇನ್ನೊಂದು ಕೆಲಸವನ್ನೂ ಮಾಡಿದಳು. ಮಾವ ವಿಜಯಾದಿತ್ಯನ ಕಾಲದಲ್ಲಿ ಇಲ್ಲಿಯ ಗಾಯಕರಿಗೆ ಕೆಲವು ದತ್ತಿ, ಕಟ್ಟುಪಾಡುಗಳು ಸಂದಿದ್ದವು. ಅವು ತನ್ನ ಕಾಲದಲ್ಲೂ ಹಾಗೆಯೇ ನಡೆಯಲಿ ಎಂದು ಅವಳು ಖಚಿತಪಡಿಸಿದ್ದನ್ನು ಅಲ್ಲಿಯ ಮತ್ತೊಂದು ಶಾಸನ ಹೇಳುತ್ತದೆ. ಒಡೆಯ ಬದಲಾದಾಗ ಮೊದಲು ಕಂಗಾಲಾಗುವವರು ಹಿಂದಿನವರ ಮಾತು ನಂಬಿ ದುಡಿಯುತ್ತಿದ್ದವರು. ಇದು ಅವಳಿಗೆ ತಿಳಿದಿತ್ತು.

ಇಲ್ಲಿಂದ ಐಹೊಳೆ ಹತ್ತಿರ. ಗುಡಿ ನೋಡಲು ಬಂದವರಿಗೆ ಐಹೊಳೆಯೆಂದರೆ ದುರ್ಗದ ಗುಡಿ, ಲಾಡ್‌ಖಾನ್ ಗುಡಿ, ಮೇಗುತಿಯಲ್ಲಿ ರವಿಕೀರ್ತಿಯ 634ರ ಶಾಸನ. ಆದರೆ ಈ ಊರಿನ ಹೆಸರು ಸಮುದ್ರ ದಾಟಿದ್ದು ವ್ಯಾಪಾರಿಗಳ ಬೆನ್ನೇರಿ. ಲಾಡ್‌ಖಾನ್ ಗುಡಿಯ ಒಂದು ಹಳೆಯ ಶಾಸನ ಇಲ್ಲಿಯ ಐನೂರು ಮಂದಿ ಚತುರ್ವೇದಿಗಳನ್ನು ಹೆಸರಿಸುತ್ತದೆ. ಮುಂದೆ 'ಅಯ್ಯಾವೊಳೆ ಐನೂರ್ವರು' ಎಂಬುದು ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘದ ಹೆಸರಾಯಿತು. ಸಂಘದವರು ತಮ್ಮನ್ನು ಐಹೊಳೆಯ ಭಗವತಿಯ ಮಕ್ಕಳೆಂದು ಕರೆದುಕೊಂಡರು. ಗುಡ್ಡಧ್ವಜ ಹಿಡಿದರು, ವೀರಬಣಂಜು ಧರ್ಮ ಪಾಲಿಸುವವರೆಂದು ಹೇಳಿಕೊಂಡರು.

11ನೇ ಶತಮಾನದ ಶಿಕಾರಿಪುರ ಸೀಮೆಯ ಶಾಸನದಲ್ಲಿ ಇವರ ಸರಕಿನ ಪಟ್ಟಿ ಓದಿದರೆ ಮೂಗಿಗೇ ಪರಿಮಳ ಬಡಿದಂತಾಗುತ್ತದೆ: ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಅದರ ಜೊತೆಗೆ ಆನೆ, ಕುದುರೆ, ಮುತ್ತು, ಮಾಣಿಕ, ಹವಳ. ಚೇರ, ಚೋಳ, ಪಾಂಡ್ಯ ದೇಶಗಳಿಂದ ಮಗಧ, ಸೌರಾಷ್ಟ್ರ, ಕಾಂಭೋಜದವರೆಗೆ ನೆಲದ ಹಾದಿ, ನೀರಿನ ಹಾದಿ ಎರಡರಲ್ಲೂ ಓಡಾಡುವವರು ತಾವು ಎನ್ನುತ್ತಾರೆ. ಕೆಲವರು ಸಗಟು ಮಾರಿದರೆ ಕೆಲವರು ಹೆಗಲ ಮೇಲೆ ಹೊತ್ತು ಮಾರುತ್ತಿದ್ದರು.

ಇಷ್ಟು ದೂರ ಹರಡಿದ ಸಂಘವನ್ನು ನಡೆಸಿದ್ದು ಹೇಗೆ? ಫೋನಿಲ್ಲ, ಅಂಚೆಯಿಲ್ಲ. ಹಡಗು ಹೋದರೆ ಮತ್ತೆ ಗಾಳಿ ತಿರುಗುವವರೆಗೆ ಸುದ್ದಿಯಿಲ್ಲ. ಎಲ್ಲರೂ ಒಬ್ಬ ಯಜಮಾನನ ಅಪ್ಪಣೆಗೆ ಕಾಯುತ್ತಿದ್ದರೆ ಒಂದು ಹೇರು ಏಲಕ್ಕಿಯೂ ಮಾರಾಟವಾಗುತ್ತಿರಲಿಲ್ಲ. ಶಾಸನಗಳಲ್ಲಿ ಸಿಗುವ ಹೆಸರುಗಳ ಸಾಲೇ ಇದಕ್ಕೆ ಉತ್ತರ ಹೇಳುತ್ತದೆ: ಗವರೆ, ಗಾತ್ರಿಗ, ಸೆಟ್ಟಿ, ಸೆಟ್ಟಿಗುತ್ತ, ಅಂಕಕಾರ, ಬೀರ, ಬೀರವಣಿಗ, ಗಂಡಿಗ, ಗಾವುಂಡ, ಗಾವುಂಡಸ್ವಾಮಿ. ಸರಕು ಕಾಯುವ ಕಾಳಗದವರೂ ಇವರಲ್ಲಿದ್ದರು, ಹಳ್ಳಿಯ ಮುಖ್ಯಸ್ಥರೂ ಇದ್ದರು. ಪೇಟೆ ಪಟ್ಟಣಗಳಲ್ಲಿ ಸಂತೆಯ ಉಸ್ತುವಾರಿ ಪಟ್ಟಣಸ್ವಾಮಿಯದು. ದೂರದ ನಾಡುಗಳಲ್ಲಿ ತಿರುಗುವವರು ನಾನಾದೇಶಿಗಳು. ಆಯುಧ ಹಿಡಿದವರು ಮುಮ್ಮುರಿದಂಡದವರು. ಪ್ರತಿ ಊರಿನ ಕೂಟ ಅಲ್ಲಿಯ ಮಾತು ಅಲ್ಲೇ ಮುಗಿಸುತ್ತಿತ್ತು. ಗುಡಿಯ ನಂದಾದೀಪಕ್ಕೆ ಗಾಣಕ್ಕಿಷ್ಟು ಎಣ್ಣೆ, ಎಲೆಯ ಹೇರಿಗಿಷ್ಟು, ಬಟ್ಟೆಯ ಗಂಟಿಗಿಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು, ಎಲ್ಲರೂ ಒಪ್ಪಿ, ಕಲ್ಲು ನೆಡಿಸುತ್ತಿದ್ದರು. ಎಲ್ಲ ಊರುಗಳಿಗೂ ಸಾಮಾನ್ಯವಾಗಿದ್ದದ್ದು ಒಂದೇ, ಶಾಸನದ ತಲೆಯಲ್ಲಿ ಬರುವ ಆ ಉದ್ದನೆಯ ಹೊಗಳಿಕೆ. ಇಂದಿನ ಓದುಗರು ಅದನ್ನು ಆಡಂಬರವೆಂದು ದಾಟಿ ಹೋಗುತ್ತಾರೆ. ಈ ಲೇಖಕನಿಗೆ ಅದು ಅಧಿಕಾರಪತ್ರದಂತೆ ಕಾಣುತ್ತದೆ. ಅದನ್ನು ಹೇಳಿಕೊಳ್ಳುವ ಹಕ್ಕಿದ್ದವನು ಐನೂರ್ವರ ಪರವಾಗಿ ಮಾತು ಕೊಡಬಲ್ಲ. ಕೊಟ್ಟ ಮಾತು ತಪ್ಪಿದರೆ ಕಳೆಯುವುದು ಐನೂರ್ವರ ಹೆಸರು.

ಈ ನಂಬಿಕೆ ಎಷ್ಟು ದೂರ ತಲುಪಿತೆಂಬುದಕ್ಕೆ ಸುಮಾತ್ರಾದ ಪಡುವಣ ಕರೆಯಲ್ಲಿರುವ ಬಾರೂಸ್ ಸಾಕ್ಷಿ. ಕರ್ಪೂರಕ್ಕೆ ಹೆಸರಾದ ಬಂದರು ಅದು. ಅಲ್ಲಿಯ ಲೋಬು ತುವಾದಲ್ಲಿ ಸಿಕ್ಕ ಮುರುಕು ಕಂಬದ ಮೇಲೆ ಶಕ 1010ರ, ಅಂದರೆ 1088ರ, ತಮಿಳು ಶಾಸನವಿದೆ. ಬರೆಯಿಸಿದವರು ಐನೂರ್ವರು. ಬಂದರಿಗೆ ಬಂದ ಹಡಗಿನ ನಾಯಕನೂ ನಾವಿಕರೂ ಕಸ್ತೂರಿಯ ಬೆಲೆಗೆ ಹೊಂದಿಸಿ ಬಂಗಾರದ ತೆರಿಗೆ ಕೊಟ್ಟು, ಆಮೇಲಷ್ಟೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕೆಂಬುದು ಅದರ ಕಟ್ಟಳೆ. ಐಹೊಳೆಯ ಹೆಸರು ಹೊತ್ತ ಒಂದು ಗುಂಪು ಅಲ್ಲಿ ಕೂತು, ಅಲ್ಲಿಗೆ ತಕ್ಕ ನಿಯಮ ತಾನೇ ಮಾಡಿ, ಅಲ್ಲಿ ಓದಬಲ್ಲ ಭಾಷೆಯಲ್ಲಿ ಬರೆಯಿಸಿದೆ. ಮಲಪ್ರಭೆಯ ದಂಡೆಯಲ್ಲಿ ಯಾರನ್ನೂ ಕೇಳಿ ಬರುವ ಪುರುಸೊತ್ತು ಅವರಿಗಿರಲಿಲ್ಲ, ಹಾಗೆ ಕೇಳಬೇಕೆಂದು ಯಾರೂ ಅವರಿಂದ ಬಯಸಲೂ ಇಲ್ಲ.

ಐಹೊಳೆಯಿರುವ ಇದೇ ಹುನಗುಂದ ಸೀಮೆಯಲ್ಲಿ, ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮದಲ್ಲಿ, 12ನೇ ಶತಮಾನದ ಶರಣರ ಕಥೆ ಶುರುವಾಗುತ್ತದೆ. ಅವರು ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಹಿಡಿದರು. ಕಾಯಕವನ್ನು ಬೇರೆಯವರಿಗೆ ವಹಿಸಿ ತಾನು ಕೂತು ಉಣ್ಣುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಗುರುವಾದರೂ ಜಂಗಮನಾದರೂ ಕಾಯಕ ಬಿಡುವಂತಿಲ್ಲ. ಆಯ್ದಕ್ಕಿ ಮಾರಯ್ಯ ನೆಲದ ಮೇಲೆ ಉದುರಿದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳದೆ, ತೆಗೆದುಕೊಂಡ ಜಾಗದಲ್ಲೇ ಸುರಿದು ಬಾ ಎಂದಳಂತೆ. ಈ ಕಥೆಯಲ್ಲಿ ಲಕ್ಕಮ್ಮನನ್ನು ಹೆಚ್ಚಾಗಿ ಆಸೆ ಗೆದ್ದವಳೆಂದು ಮೆಚ್ಚುತ್ತಾರೆ. ಅವಳು ಗಂಡನ ಕಾಯಕದ ಲೆಕ್ಕವನ್ನು ತನ್ನ ಹೊಣೆಯೆಂದು ತಿಳಿದವಳು ಕೂಡ ಹೌದು. ಕೆಲಸ ಮಾಡಿದವನು ಒಬ್ಬ, ಅದು ಸರಿಯೋ ತಪ್ಪೋ ಎಂದು ನೋಡುವವಳು ಮನೆಯಲ್ಲೇ ಇನ್ನೊಬ್ಬಳು.

ಈಗ ಇಳಕಲ್.

ಇಲ್ಲಿ ಕಲ್ಲಿನ ಬರಹ ಕಾಣುವುದಿಲ್ಲ, ಮಗ್ಗದ ಸದ್ದು ಕೇಳುತ್ತದೆ. ಇಳಕಲ್ ಸೀರೆಯ ವಿಶೇಷ ಸೆರಗಿನಲ್ಲಿದೆ ಎಂದು ಎಲ್ಲರೂ ಬಲ್ಲರು: ಕೆಂಪು ರೇಷ್ಮೆ, ಅದರ ಮೇಲೆ ಬಿಳಿಯ ತೋಪುತೆನೆ, ಕೋಟೆಯ ತೆನೆಯಂಥ ಸಾಲು, ಹಣಿಗೆಯ ಹಲ್ಲಿನಂಥ ಗೆರೆ. ಆದರೆ ಈ ಸೀರೆಯನ್ನು ಬೇರೆಲ್ಲ ಸೀರೆಗಳಿಂದ ಬೇರೆಯಾಗಿಸುವುದು ಒಡಲೂ ಸೆರಗೂ ಕೂಡುವ ಜಾಗ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಡಲಿನ ಹಾಸಿನ ಕುಣಿಕೆಯೊಳಗೆ ಸೆರಗಿನ ರೇಷ್ಮೆಯ ಕುಣಿಕೆ ಹಾಯಬೇಕು, ಹೀಗೆ ಸೀರೆಯ ಅಗಲಕ್ಕೂ. ಒಂದು ಎಳೆ ತಪ್ಪಿದರೂ ಅಲ್ಲಿಂದ ಮುಂದೆ ಸಾಲು ಸೊಟ್ಟಾಗುತ್ತದೆ. ಪ್ರತಿ ಸೀರೆಗೂ ಸೆರಗು ಹೀಗೆ ಕೂಡಬೇಕಾದ್ದರಿಂದ ಒಂದೇ ಉದ್ದನೆಯ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ನೇಯುತ್ತ ಹೋಗುವ ಸೌಕರ್ಯ ಇಲ್ಲಿಲ್ಲ. ಆರು ಗಜವೋ ಎಂಟು ಗಜವೋ ಒಂಬತ್ತೋ, ಅಷ್ಟಕ್ಕೇ ಹಾಸು ಮಾಡಿಕೊಳ್ಳಬೇಕು.

ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನೊಬ್ಬನೇ ನೇಕಾರನೆಂದು ನೋಡುವವರಿಗೆ ಅನಿಸುತ್ತದೆ. ಅವನ ಲಾಳಿಗೆ ಕಂಡಿಕೆ ಸುತ್ತುವವರು ಒಳಮನೆಯಲ್ಲಿದ್ದಾರೆ. ನೂಲಿಗೆ ಬಣ್ಣ ಹಾಕುವವರದು ಬೇರೆ ಮನೆ, ಹಾಸು ಹೂಡುವವರದು ಮತ್ತೊಂದು. ಚಂದ್ರಕಾಳಿ ಎಂಬ ಸೀರೆಯ ಕಪ್ಪು ಹದವಾಗಿ ಬಂದಿದೆಯೋ ಇಲ್ಲವೋ ಎಂಬುದಕ್ಕೆ ನೇಕಾರ ಉತ್ತರ ಕೊಡಲಾರ, ಅದು ಬಣ್ಣದ ಮನೆಯ ಹೊಣೆ. ಕೊಂಡಿ ಬಿಗಿಯಾಗಿದೆಯೋ ಎಂಬುದಕ್ಕೆ ಅದನ್ನು ಹಾಕಿದವರೇ ಉತ್ತರ ಕೊಡಬೇಕು. ಇಳಕಲ್ ಮಾತ್ರವಲ್ಲ, ಕಮತಗಿ, ಸೂಳೇಬಾವಿಯ ಮಗ್ಗದ ಮನೆಗಳೂ, ರವಿಕೆಯ ಖಣ ನೇಯುವ ಗುಳೇದಗುಡ್ಡವೂ ಇಂಥ ಹಂಚಿಕೆಯ ಮೇಲೆ ನಿಂತಿವೆ. ದೇವಾಂಗ, ಪದ್ಮಸಾಲಿ, ಕುರುಹಿನಶೆಟ್ಟಿ, ಸ್ವಕುಳಸಾಳಿ, ಪಟ್ಟಸಾಲಿ ಮನೆತನಗಳು ತಲೆತಲಾಂತರದಿಂದ ಇದನ್ನು ನಡೆಸಿಕೊಂಡು ಬಂದಿವೆ.

ಮಗ್ಗದ ಮನೆಗೆ ನೂಲು ತಂದುಕೊಡುವವನು ಮಾಲಕ. ನೂಲು ಅವನದು, ಯಾವ ದಡಿ, ಯಾವ ಬಣ್ಣ ಎಂಬ ತೀರ್ಮಾನವೂ ಅವನದು. ನೇಯ್ದು ಕೊಟ್ಟ ಸೀರೆಗೆ ಇಷ್ಟೆಂದು ಮಜೂರಿ. ಮದುವೆಗೋ ಆಸ್ಪತ್ರೆಗೋ ಮುಂಗಡ ಕೊಡುವವನೂ ಅವನೇ. ಈ ಏರ್ಪಾಡನ್ನು ಬರಿ ಸುಲಿಗೆ ಎಂದುಬಿಟ್ಟರೆ ಅನ್ಯಾಯವಾದೀತು. ಬಂಡವಾಳವಿಲ್ಲದ ಮನೆಗಳಲ್ಲಿ ಮಗ್ಗ ನಿಲ್ಲದಂತೆ ಉಳಿಸಿದ್ದು ಇದೇ. ಆದರೆ ಹೊಣೆ ಮತ್ತು ಅಧಿಕಾರದ ತಕ್ಕಡಿ ಇಲ್ಲಿ ಗುಂಡನ ಕಾಲದಂತಿಲ್ಲ. ನೇಯ್ಗೆಯಲ್ಲಿ ತಪ್ಪು ಬಿದ್ದರೆ ಕಡಿತವಾಗುವುದು ನೇಕಾರನ ಮಜೂರಿ. ನೂಲೇ ಕಳಪೆಯಿದ್ದರೂ ಅದನ್ನು ಬೇಡವೆನ್ನುವ ಹಕ್ಕು ಅವನಿಗಿಲ್ಲ. ಸೀರೆ ಪೇಟೆಗೆ ಹೋದ ಮೇಲೆ ಅದರ ಮೇಲಿರುವುದು ಅಂಗಡಿಯ ಹೆಸರು, ಊರಿನ ಹೆಸರು.

ಇದನ್ನು ಸರಿಪಡಿಸುವ ಯತ್ನಗಳು ಆಗಿಲ್ಲವೆಂದಲ್ಲ. ನೇಕಾರರ ಸಹಕಾರ ಸಂಘಗಳು ಹುಟ್ಟಿದವು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂದು, ಸಂಘಗಳ ಹೊರಗಿದ್ದ ನೇಕಾರರಿಗೂ ನೂಲು ಕೊಟ್ಟು ಬಟ್ಟೆ ಕೊಳ್ಳುವ ಕೆಲಸ ಹಿಡಿಯಿತು. ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಗುರುತು ಸಿಕ್ಕಿತು. 2006ರಿಂದ ಕೈಮಗ್ಗದ ಬಟ್ಟೆಗೆ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಮುದ್ರೆಯೂ ಇದೆ. ಭೌಗೋಳಿಕ ಗುರುತು ಯಾವ ಊರಿನದೆಂದು ಹೇಳುತ್ತದೆ. ಮುದ್ರೆ ಕೈಯಲ್ಲಿ ನೇಯ್ದದ್ದೆಂದು ಹೇಳುತ್ತದೆ. ಯಾರ ಕೈ ಎಂದು ಎರಡೂ ಹೇಳುವುದಿಲ್ಲ. ಅದರ ನಡುವೆ ಪವರ್‌ಲೂಮಿನಲ್ಲಿ ನೇಯ್ದ ಪಾಲಿಯೆಸ್ಟರ್ ಸೀರೆಯೂ ಇಳಕಲ್ ಹೆಸರಲ್ಲೇ, ತೀರ ಕಡಿಮೆ ಹೊತ್ತಿನಲ್ಲಿ ತಯಾರಾಗಿ, ಅದೇ ಅಂಗಡಿಯ ಅದೇ ಹಲಗೆಯ ಮೇಲೆ ಬಂದು ಕೂರುತ್ತದೆ.

ಹಾಗಾಗಿ ಗುರುತು ಹಿಡಿಯುವ ಕೆಲಸ ಕೊನೆಗೆ ಕೊಳ್ಳುವವಳ ಪಾಲಿಗೆ ಬಂದಿದೆ. ಈ ಸೀಮೆಯ ಹಿರಿಯ ಹೆಂಗಸರು ಸೀರೆ ಕೊಳ್ಳುವಾಗ ಮೊದಲು ದಡಿ ನೋಡುವುದಿಲ್ಲ, ಬೆಲೆಯನ್ನೂ ಕೇಳುವುದಿಲ್ಲ. ಮಡಿಕೆ ಬಿಡಿಸಿ, ಸೆರಗನ್ನು ಒಳಮಗ್ಗುಲಿಗೆ ತಿರುವಿ, ಒಡಲಿನ ಕಪ್ಪು ಮುಗಿದು ಸೆರಗಿನ ಕೆಂಪು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸುತ್ತಾರೆ. ಕೊಂಡಿಯ ಪುಟ್ಟ ಪುಟ್ಟ ಗಂಟುಗಳು ಬೆರಳಿಗೆ ಸಿಕ್ಕಬೇಕು, ನಡುವೆ ಎಲ್ಲೂ ಜಾರಬಾರದು. ಸಿಕ್ಕಿದರೆ ಸೀರೆಯನ್ನು ಮಡಿಲಿಗೆ ಎಳೆದುಕೊಂಡು, ಆಮೇಲೆ ಬೆಲೆಯ ಮಾತು ತೆಗೆಯುತ್ತಾರೆ.